ಖಾರದ ಗಿರಣಿಯ ಬಿಳಿ ಗೋಡೆ

ಬ್ಯಾಡಗಿಯ ಆ ಖಾರದ ಪುಡಿ ಕಾರ್ಖಾನೆಯಲ್ಲಿ ದಿನವಿಡೀ ಮೆಣಸಿನಕಾಯಿ ಅರೆದರೂ ಗೋಡೆಗಳು ಹಾಲಿನಂತೆ ಬೆಳ್ಳಗಿದ್ದವು. ಕೆಂಪು ಧೂಳು ಬಂದು ತಾಗುತ್ತಿತ್ತು, ನಿಲ್ಲಲಾರದೆ ಜಾರುತ್ತಿತ್ತು. ಕೆಸುವಿನ ಎಲೆಯ ಮೇಲೆ ನೀರು ನಿಲ್ಲುವುದಿಲ್ಲವಲ್ಲ, ಹಾಗೆ. ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳನ್ನು ಹಾಸಿದ ಆ ಹಲಗೆಗಳಲ್ಲಿ ಸಂದಿಲ್ಲ, ಬಿರುಕಿಲ್ಲ; ಮೂಟೆಯ ಗಾಡಿ ಗುದ್ದಿದರೂ ಗೀರು ಬೀಳುತ್ತಿರಲಿಲ್ಲ. ೨೦೬೧ರಲ್ಲಿ ಈ ಗೋಡೆಯನ್ನು ರೂಪಿಸಿದ ಧಾರವಾಡದ ವಿಜ್ಞಾನಿ ನಿವೇದಿತಾ ಹಿತ್ತಲಮನಿಗೆ ಬೇರೆ ಕಾರ್ಖಾನೆಗಳಿಂದಲೂ ಕರೆ ಬರತೊಡಗಿತ್ತು.

ಗೋಡೆ ಹೇಗಿದೆಯೆಂದು ನೋಡಲು ಬಂದ ದಿನ ಸಂಜೆ, ಗೇಟಿನ ಬಳಿ ಅವಳು ಭಾಗ್ಯಶ್ರೀಯನ್ನು ಕಂಡಳು. ಅರೆಯುವ ಕೋಣೆಯಲ್ಲಿ ಯಂತ್ರ ನೋಡಿಕೊಳ್ಳುವವಳು. ಅವಳ ಅತ್ತೆ ಅವಳ ಕೂಸನ್ನು ಎತ್ತಿಕೊಂಡು ಬಂದಿದ್ದರು. ಕೂಸು ಕೈ ಚಾಚಿತು. ತಾಯಿ ಹಿಂದಕ್ಕೆ ಸರಿದಳು. ಕೂಸು ಅಳತೊಡಗಿತು.

“ಯಾಕ್ರೀ, ಅಷ್ಟು ಅಳತೈತಿ, ಎತ್ಕೋರಿ,” ಎಂದಳು ನಿವೇದಿತಾ.

“ಮೈತುಂಬ ಖಾರ ಐತ್ರೀ ಮೇಡಂ. ಎತ್ಕೊಂಡ್ರ ಇದರ ಕಣ್ಣು ಉರೀತಾವು. ಈಗೀಗ ಜಾಸ್ತಿ ಆಗೈತ್ರಿ, ಯಾಕಂತ ತಿಳೀವಲ್ದು.”

ಅವಳ ರೆಪ್ಪೆಯ ಮೇಲೂ ಕೆಂಪು ಕೂತಿತ್ತು. ನಿವೇದಿತಾ ತಿರುಗಿ ಒಳಗೆ ನೋಡಿದಳು. ಗೋಡೆ ಬೆಳ್ಳಗಿತ್ತು. ಅದು ಒಲ್ಲೆನೆಂದ ಧೂಳೆಲ್ಲ ಮತ್ತೆ ಗಾಳಿಗೇರಿ ಕೆಲಸದವರ ಮೇಲೆ ಇಳಿಯುತ್ತಿತ್ತು. ಇಷ್ಟು ದಿನ ಹೆಮ್ಮೆಪಟ್ಟ ಬಿಳುಪನ್ನು ಅವಳಿಗೆ ನೋಡಲಾಗಲಿಲ್ಲ.

“ಗ್ವಾಡಿ ಸ್ವಚ್ಛ ಐತಲ್ರೀ, ಮತ್ತೇನು?” ಎಂದರು ಮಾಲೀಕ ಶಿವಯೋಗಪ್ಪ, ಅವಳು ಇದನ್ನು ಹೇಳಿದಾಗ. ನಿವೇದಿತಾ ಉಳಿದ ಕಾರ್ಖಾನೆಗಳಿಗೆಲ್ಲ ಸದ್ಯಕ್ಕೆ ಆಗದೆಂದು ತಿಳಿಸಿ ಪ್ರಯೋಗಾಲಯಕ್ಕೆ ಮರಳಿದಳು.

ಮರುವರ್ಷ ಹೊಸ ಗೋಡೆ ಬಂತು. ತಲೆ ಬಾಚಿದ ಹಣಿಗೆ ಕಾಗದದ ಚೂರನ್ನು ಸೆಳೆಯುವಂತೆ, ಅದರ ರೋಮಗಳಲ್ಲಿದ್ದ ವಿದ್ಯುದಂಶ ಧೂಳನ್ನು ಸೆಳೆದು ಹಿಡಿದಿಡುತ್ತಿತ್ತು. ಸಂಜೆ ವಿದ್ಯುತ್ತು ನಿಲ್ಲಿಸಿ ನೀರು ಹರಿಸಿದರೆ ಅಷ್ಟೂ ತೊಳೆದು ಹೋಗುತ್ತಿತ್ತು. ಆದರೆ ಹಗಲೆಲ್ಲ ಗೋಡೆ ದಟ್ಟ ಕೆಂಪು.

“ಇದೇನ್ರೀ, ಇಷ್ಟು ಹೊಲಸು ಕಾಣತೈತಿ! ಗಿರಾಕಿ ಬಂದ್ರ ಏನು ಹೇಳ್ಲಿ?” ಎಂದರು ಮಾಲೀಕರು.

“ಇದೆಲ್ಲಾ ಈ ಕೆಲಸದವರ ಎದಿಯೊಳಗ ಹೋಗೂದಿತ್ತು ಅಂತ ಹೇಳ್ರಿ.”

ಎಂದೂ ಮೂಗಿಗೆ ವಸ್ತ್ರ ಹಿಡಿಯದೆ ಆ ಕೋಣೆಗೆ ಕಾಲಿಡದ ಶಿವಯೋಗಪ್ಪ ಆಗಲೇ ಬಹಳ ಹೊತ್ತಿನಿಂದ ಅಲ್ಲಿ ನಿಂತಿದ್ದರು. ಒಂದು ಸೀನೂ ಬಂದಿರಲಿಲ್ಲ.

ಅಂದು ಸಂಜೆ, ಈಗ ನಡೆಯಲು ಕಲಿತಿದ್ದ ಆ ಕೂಸು ಗೇಟಿನ ಬಳಿ ತಾಯಿಯತ್ತ ಓಡಿ ಬಂತು. ಭಾಗ್ಯಶ್ರೀ ರೂಢಿಯಂತೆ ಹಿಂದೆ ಸರಿದು, ತನ್ನ ಕೈ ಮೂಸಿ ನೋಡಿಕೊಂಡು, ಬಾಗಿ ಎತ್ತಿಕೊಂಡಳು. ಮಗು ಅವಳ ಕೊರಳಿಗೆ ಮುಖ ಒತ್ತಿತು. ಅಳಲಿಲ್ಲ. ಅತ್ತಿದ್ದು ತಾಯಿ.

ಕಣ್ಣೊರೆಸಿಕೊಂಡು ನಿವೇದಿತಾಳನ್ನು ಕೇಳಿದಳು: “ಹೊಸಾ ವಿದ್ಯಾ ಏನ್ರೀ ಮೇಡಂ ಇದು?”

“ಧೂಳು ಎಳಿಯೂದಾ? ಹೊಸಾದಲ್ಲ. ನಮ್ಮ ಅಜ್ಜಿ ಕಾಲದಾಗೂ ಇತ್ತು. ದೊಡ್ಡ ಕಾರ್ಖಾನೆಗಳ ಹೊಗೆ ಕೊಳವಿಗೆ ಹಾಕ್ತಿದ್ರು.”

“ನಮ್ಮಜ್ಜೀನೂ ಖಾರದ ಗಿರಣ್ಯಾಗ ದುಡಿದಾಕೀರಿ,” ಎಂದಳು ಭಾಗ್ಯಶ್ರೀ, ಮಗಳ ಬೆನ್ನು ಸವರುತ್ತ. “ಕೆಮ್ಮಿ ಕೆಮ್ಮೀನ ಹೋದ್ಲು. ಆಕಿಗ್ಯಾಕ ಯಾರೂ ಮಾಡಿಕೊಡಲಿಲ್ರೀ?”

ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯಬೇಕೆಂದೇ ಕೇಳಿದ್ದಳು.

“ಯಾರಿಗೂ ಹೊಳೀಲಿಲ್ಲವ್ವಾ,” ಎಂದಳು ನಿವೇದಿತಾ. “ಹೊಳೀಬೇಕಿತ್ತು.”