ಗೋಡೆಯ ಹಿಂದೆ ನಿಂತವನು

ಮಂಗಳವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಠಾಣೆಗೆ ಕರೆ ಬಂತು. ಮಾತಾಡಿದವನು ಗಂಡಸು. ಪಕ್ಕದ ಮನೆಯವನೆಂದು ಹೇಳಿಕೊಂಡು ಒಂದು ಮನೆಯ ವಿಳಾಸ ಕೊಟ್ಟ. ಅಲ್ಲಿ ಮಗ ತಾಯಿಯ ಮೇಲೆ ಚಾಕು ಹಿಡಿದು ಕೂತಿದ್ದಾನೆ, ಕಿಟಕಿಯಿಂದ ಕಣ್ಣಾರೆ ಕಂಡೆ ಎಂದ. ಮುಂಬಾಗಿಲಿಗೆ ಹೋಗಬೇಡಿ, ಸದ್ದಾದರೆ ಅವನು ಏನು ಮಾಡುತ್ತಾನೋ ಹೇಳಲಾಗದು, ಹಿಂದಿನ ಅಡುಗೆಮನೆ ಬಾಗಿಲಿನ ಚಿಲಕ ಸರಿಯಾಗಿ ಕೂರುವುದಿಲ್ಲ, ಅಲ್ಲಿಂದ ಹೋಗಿ ಎಂದ. ಹೆಸರು ಕೇಳುವಷ್ಟರಲ್ಲಿ ಕರೆ ಕಡಿತವಾಯಿತು.

ಇನ್‌ಸ್ಪೆಕ್ಟರ್ ಮೂವರು ಸಿಬ್ಬಂದಿಯೊಂದಿಗೆ ಜೀಪು ಹತ್ತಿದರು. ಇಪ್ಪತ್ತು ವರ್ಷ ಸರ್ವಿಸ್ ಆದ ಹೆಂಗಸು, ಮಾತು ಕಡಿಮೆ. ಮನೆ ತಲುಪಿದಾಗ ಮುಂದಿನ ಕೋಣೆಯ ಕಿಟಕಿಗೆ ಪರದೆ ಎಳೆದಿತ್ತು, ಒಳಗಿನಿಂದ ಗಂಡಸೊಬ್ಬ ಜೋರಾಗಿ ಕೂಗಾಡುತ್ತಿದ್ದ. "ಹೊಡಿ, ಬಿಡಬೇಡ" ಎಂಬ ಮಾತು ಸ್ಪಷ್ಟವಾಗಿ ಕೇಳಿತು. ಇನ್‌ಸ್ಪೆಕ್ಟರ್ ಹಿಂದಕ್ಕೆ ಸುತ್ತಿ ಹೋಗಿ ಅಡುಗೆಮನೆಯ ಬಾಗಿಲು ತಳ್ಳಲು ಸನ್ನೆ ಮಾಡಿದರು. ಹೆಡ್ ಕಾನ್‌ಸ್ಟೇಬಲ್ ಭುಜ ಕೊಟ್ಟ. ಚಿಲಕ ನಿಜಕ್ಕೂ ಕೂತಿರಲಿಲ್ಲ. ಬಾಗಿಲು ಒಂದೇ ಏಟಿಗೆ ಹಾರಿ ತೆರೆದುಕೊಂಡು, ಅದರ ಹಿಂದೆ ಕಸದ ಬುಟ್ಟಿ ಎತ್ತಿಕೊಳ್ಳಲು ಬಗ್ಗಿದ್ದ ಮುದುಕಿಗೆ ಬಡಿಯಿತು. ಆಕೆ ಕಲ್ಲಿನ ಕಟ್ಟೆಯ ಅಂಚಿಗೆ ತಾಗಿ ನೆಲಕ್ಕೆ ಬಿದ್ದರು.

ಮುಂದಿನ ಕೋಣೆಯಲ್ಲಿ ಮಗ ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದ. ಕೈಯಲ್ಲಿ ಇದ್ದದ್ದು ಮೌಸ್. ಪೊಲೀಸರನ್ನು ಕಂಡು ಎರಡೂ ಕೈ ಮೇಲೆತ್ತಿದ. ಅವನು ಆಡುವುದನ್ನು ಆ ಹೊತ್ತಿನಲ್ಲಿ ಸಾವಿರಾರು ಜನ ತಮ್ಮ ತಮ್ಮ ಮನೆಗಳಲ್ಲಿ ಕೂತು ನೇರವಾಗಿ ನೋಡುತ್ತಿದ್ದರು. ಅವರಲ್ಲಿ ಬಹಳ ಜನ ಇದನ್ನೂ ತಮಾಷೆಯೆಂದೇ ತಿಳಿದು ನಗುವ ಚಿಹ್ನೆಗಳನ್ನು ಕಳಿಸುತ್ತಿದ್ದರು.

ತಾಯಿಯನ್ನು ಠಾಣೆಯ ಜೀಪಿನಲ್ಲೇ ಆಸ್ಪತ್ರೆಗೆ ಸಾಗಿಸಲಾಯಿತು. ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆ ಆಗಲೇಬೇಕು, ವಯಸ್ಸು ನೋಡಿದರೆ ಭರವಸೆ ಕೊಡಲಾರೆ ಎಂದರು ವೈದ್ಯರು.

ಇನ್‌ಸ್ಪೆಕ್ಟರ್ ಠಾಣೆಗೆ ಮರಳಿ ಸುಳ್ಳು ಮಾಹಿತಿ ಕೊಟ್ಟ ಅಪರಿಚಿತನ ವಿರುದ್ಧ ಎಫ್‌ಐಆರ್ ದಾಖಲಿಸಿದರು. ಬಾಗಿಲು ತಳ್ಳಲು ಆದೇಶ ಕೊಟ್ಟವಳು ತಾನೇ ಎಂದು ಠಾಣಾ ದಿನಚರಿಯಲ್ಲಿ ಬರೆಸಿದರು. ಬರಹಗಾರ ಪೆನ್ನು ನಿಲ್ಲಿಸಿ, ಮಾಹಿತಿಯ ಮೇರೆಗೆ ಬಾಗಿಲು ತೆರೆಯಲಾಯಿತು ಅಂತ ಬರೆದರೆ ಸಾಕಲ್ಲವೇ ಎಂದು ಕೇಳಿದ.

"ನಾನು ಹೇಳಿದ್ ಹಾಗೇ ಬರೀರಿ" ಎಂದರು ಇನ್‌ಸ್ಪೆಕ್ಟರ್.

ಮರುದಿನ ಪಂಚರ ಸಮಕ್ಷಮದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಚಿಲಕದ ಕೊಂಡಿ, ಕಟ್ಟೆಯ ಅಂಚು, ಚೆಲ್ಲಿದ್ದ ಕಸ, ಒಡೆದು ಬಿದ್ದಿದ್ದ ಒಂದು ಕನ್ನಡಕ. ಆ ಬೀದಿಯ ಆಚೀಚಿನ ಮನೆಗಳವರನ್ನೆಲ್ಲ ವಿಚಾರಿಸಲಾಯಿತು. ಒಂದು ಕಡೆ ಅವತ್ತು ಮನೆಗೆ ಬೀಗ ಹಾಕಿತ್ತು, ಇನ್ನೊಂದು ಕಡೆ ಇದ್ದದ್ದು ಇಬ್ಬರು ಅಕ್ಕತಂಗಿಯರು ಮಾತ್ರ. ಕರೆ ಬಂದದ್ದು ಅಂತರ್ಜಾಲದ ಮೂಲಕ, ನಂಬರ್ ಸುಳ್ಳು. ಸೇವೆ ಒದಗಿಸುವ ಕಂಪನಿಗೆ ಪತ್ರ ಹೋಯಿತು. ಉತ್ತರ ಬರುವವರೆಗೆ ಕೈ ಕಟ್ಟಿ ಕೂರುವಂತಿರಲಿಲ್ಲ. ಬಾಗಿಲು ಒಡೆದ ಬಗ್ಗೆ ಮೇಲಧಿಕಾರಿ ಆಗಲೇ ವಿವರಣೆ ಕೇಳಿದ್ದರು.

ಮಗನ ವಯಸ್ಸು ಇಪ್ಪತ್ತೇಳು. ಆಟದ ಲೋಕದಲ್ಲಿ ಅವನನ್ನು ಎಲ್ಲರೂ ಗೂಬೆ ಎನ್ನುತ್ತಿದ್ದರು, ಅವನ ತಾಯಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದರಂತೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೇಳಿಕೆ ಕೊಟ್ಟ. ತಮ್ಮದು ನಾಲ್ವರ ತಂಡ. ಒಂದು ದ್ವೀಪದಲ್ಲಿ ಹಲವು ತಂಡಗಳು ಇಳಿಯುತ್ತವೆ, ಕೊನೆಗೆ ಉಳಿದ ತಂಡ ಗೆದ್ದಂತೆ. ಆರು ವರ್ಷದಿಂದ ಅದೇ ನಾಲ್ವರು. ಉಳಿದ ಮೂವರು ಬೇರೆ ಬೇರೆ ಊರಿನವರು, ಮುಖಾಮುಖಿ ಒಮ್ಮೆಯೂ ಕಂಡಿಲ್ಲ. ಆಡುವಾಗ ಪರಸ್ಪರ ಮಾತಾಡಲು ಒಂದು ಖಾಸಗಿ ಸಂಪರ್ಕ ಇರುತ್ತದೆ. ತಾನು ಆಡುವುದನ್ನು ಜನರಿಗೆ ತೋರಿಸಲು ಶುರು ಮಾಡಿದ್ದು ಎರಡು ವರ್ಷದಿಂದ. ಈಗ ಅದೇ ತನ್ನ ಕೆಲಸ.

ಆಗದವರು ಯಾರಾದರೂ ಇದ್ದಾರಾ ಎಂದು ಕೇಳಿದ್ದಕ್ಕೆ ಗೂಬೆ ಮೊಬೈಲ್ ತೆರೆದು ತೋರಿಸಿದ. ಬೈದವರ ಸಾಲು ಉದ್ದಕ್ಕಿತ್ತು. ಅವರಲ್ಲೊಬ್ಬ, ನಿನ್ನ ಮನೆಗೆ ಪೊಲೀಸರು ಬರುವ ಹಾಗೆ ಮಾಡ್ತೀನಿ ನೋಡ್ತಿರು ಎಂದು ಹಿಂದಿನ ವಾರವೇ ಬರೆದಿದ್ದ. ಅವನನ್ನು ಹುಡುಕಿ ಕರೆಸಲಾಯಿತು. ಲಾರಿ ಓಡಿಸುವವನು, ಮೂರು ಮಕ್ಕಳ ತಂದೆ. ಮಂಗಳವಾರ ಸಂಜೆ ಅವನ ಲಾರಿ ಸರಕು ತೂಗುವ ವೇಬ್ರಿಡ್ಜ್ ಮೇಲೆ ನಿಂತಿತ್ತು, ಕ್ಯಾಮೆರಾದಲ್ಲಿ ಅವನು ಚಾಲಕನ ಸೀಟಿನಲ್ಲಿ ಆಕಳಿಸುತ್ತಿದ್ದ. ಬರೆದದ್ದು ಬಾಯಿಚಪಲಕ್ಕೆ ಎಂದು ಕೈ ಮುಗಿದ. ಬುದ್ಧಿ ಹೇಳಿ ಕಳಿಸಿದರು.

ಇನ್‌ಸ್ಪೆಕ್ಟರ್ ಠಾಣೆಗೆ ಬಂದ ಕರೆಯ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿದರು. ಕರೆ ಮಾಡಿದವನ ದನಿಯನ್ನು ಯಾವುದೋ ತಂತ್ರದಿಂದ ದಪ್ಪ ಮಾಡಲಾಗಿತ್ತು. ಅವನು ಉಸಿರು ಎಳೆದುಕೊಳ್ಳುವ ಕಡೆ, ಹಿಂದೆ ಎಲ್ಲೋ, ಸೊಳ್ಳೆಯ ಗುಂಯ್‌ಗುಟ್ಟುವಿಕೆಯಂತೆ ಇನ್ನೊಂದು ದನಿ ಇತ್ತು. ಹೆಡ್‌ಫೋನ್ ಕತ್ತಿಗೆ ಇಳಿಸಿಕೊಂಡರೆ ಸೋರುವ ಸದ್ದು ಅದು. ಗೂಬೆಯನ್ನು ಕರೆಸಿ ಕೇಳಿಸಿದರು.

"ಇದು ನಾನೇ" ಎಂದ ಅವನು. "ಎಡಕ್ಕೆ ಬಾ, ಎಡಕ್ಕೆ ಅಂತ ಕೂಗ್ತಿದೀನಿ."

"ಅಂದ್ರೆ ನಿಮ್ಮ ಆಟ ನೋಡ್ತಾನೇ ಫೋನ್ ಮಾಡಿದಾನೆ."

ಗೂಬೆ ಮೊಬೈಲ್ ಎತ್ತಿಕೊಂಡ. ಪ್ರಸಾರದ ದಾಖಲೆ ತೆರೆದು ಅದೇ ಕೂಗನ್ನು ಹುಡುಕಿ, ವೇಳೆ ನೋಡಿ, ಠಾಣೆಯ ಧ್ವನಿಮುದ್ರಣದ ವೇಳೆಯನ್ನೂ ನೋಡಿದ. ಅವನ ಮುಖ ಇಳಿಯಿತು. ಎದುರಾಳಿಗಳು ತನ್ನ ಪರದೆ ನೋಡಿ ತಂಡ ಎಲ್ಲಿದೆ ಎಂದು ತಿಳಿದುಕೊಳ್ಳಬಾರದೆಂದು ಪ್ರಸಾರವನ್ನು ಅರ್ಧ ನಿಮಿಷ ತಡವಾಗಿ ಬಿಡುತ್ತೇನೆ ಎಂದು ವಿವರಿಸಿದ. ಕರೆಯಲ್ಲಿದ್ದ ಕೂಗು ಪ್ರಸಾರಕ್ಕಿಂತ ಅರ್ಧ ನಿಮಿಷ ಮೊದಲಿನದು. ನೋಡುಗರಿಗೆ ಅದು ಇನ್ನೂ ತಲುಪಿಯೇ ಇರಲಿಲ್ಲ.

"ತಡ ಇಲ್ದೆ ಯಾರಿಗೆ ಕೇಳುತ್ತೆ?"

"ಮನೇಲಿರೋ ಅಮ್ಮಂಗೆ." ವೇಳೆಯನ್ನು ಇನ್ನೊಮ್ಮೆ ನೋಡಿ ಸೇರಿಸಿದ: "ಮತ್ತೆ ನಮ್ಮ ತಂಡದವರಿಗೆ."

ಇನ್‌ಸ್ಪೆಕ್ಟರ್ ಚಿಲಕದ ಬಗ್ಗೆ ಕೇಳಿದರು. ಅಡುಗೆಮನೆ ಚಿಲಕ ರಿಪೇರಿ ಮಾಡಿಸು ಎಂದು ತಾಯಿ ದಿನಾ ಬಂದು ಹೇಳುತ್ತಿದ್ದುದು ನಿಜ. ಆದರೆ ಅಮ್ಮ ಕೋಣೆಗೆ ಬಂದರೆ ಸಾಕು, ತಾನು ಪ್ರಸಾರದ ಧ್ವನಿ ಮುಚ್ಚುತ್ತಿದ್ದೆ, ಜನ ಅಮ್ಮನನ್ನು ಆಡಿಕೊಳ್ಳಬಾರದಲ್ಲ ಎಂದ ಗೂಬೆ. ತಂಡದ ಸಂಪರ್ಕ ಮಾತ್ರ ತೆರೆದೇ ಇರುತ್ತಿತ್ತು. ಚಿಲಕದ ಸಂಗತಿ ಹೊರಗಿನವರಲ್ಲಿ ಗೊತ್ತಿದ್ದದ್ದು ಆ ಮೂವರಿಗೆ ಮಾತ್ರ.

ತಾಯಿಯ ಶಸ್ತ್ರಚಿಕಿತ್ಸೆ ಮುಗಿದು, ಮಾತಾಡುವಷ್ಟು ಚೇತರಿಕೆ ಬಂದಿತ್ತು. ಇನ್‌ಸ್ಪೆಕ್ಟರ್ ಹೇಳಿಕೆ ಪಡೆಯಲು ಹೋದಾಗ ಮೊದಲು ಬಾಗಿಲು ತಳ್ಳಿಸಿದ್ದು ತಾನೇ ಎಂದರು. ಮುದುಕಿ ಅವರನ್ನು ದಿಟ್ಟಿಸಿ ನೋಡಿ, ನನ್ನ ಮಗನ ಕೂಗಾಟ ಕೇಳಿದರೆ ಯಾರಾದರೂ ಕೊಲೆ ಎಂದೇ ಅಂದುಕೊಳ್ಳುತ್ತಾರೆ ಬಿಡಿ ಎಂದರು. ಆಮೇಲೆ ತಂಡದ ಹುಡುಗರ ಬಗ್ಗೆ ತಾವಾಗಿ ಮಾತು ತೆಗೆದರು. ಮೂವರಲ್ಲಿ ಮೇಷ್ಟ್ರು ಅಂತ ಕರೆಯುವವನು ಬಹಳ ಒಳ್ಳೆಯವನು. ತಾನು ಮಗನ ಹೆಡ್‌ಫೋನ್ ಹಾಕಿಕೊಂಡಾಗಲೆಲ್ಲ ಊಟ ಆಯ್ತಾ ಎಂದು ಕೇಳುತ್ತಾನೆ. ಮಾತ್ರೆ ಡಬ್ಬಿಯ ಮೇಲಿನ ಅಕ್ಷರ ಕಾಣುವುದಿಲ್ಲ ಎಂದು ಒಮ್ಮೆ ಹೇಳಿದ್ದಕ್ಕೆ, ಕಣ್ಣಿನ ಚೀಟಿ ತರಿಸಿಕೊಂಡು ಕನ್ನಡಕ ಮಾಡಿ ಕೊರಿಯರ್‌ನಲ್ಲಿ ಕಳಿಸಿದ್ದ. ಈಗ ಅದು ಒಡೆದುಹೋಯಿತು.

"ನಾನು ಚೆನ್ನಾಗಿದೀನಿ ಅಂತ ಅವನಿಗೆ ತಿಳಿಸೋಕೆ ಹೇಳಿ ನನ್ನ ಮಗನಿಗೆ" ಎಂದರು. "ಪಾಪ, ಗಾಬರಿ ಆಗಿರ್ತಾನೆ."

ಹೆಡ್ ಕಾನ್‌ಸ್ಟೇಬಲ್ ಹೇಳಿಕೆಯನ್ನು ಬರೆದುಕೊಂಡ. ಹೊರಗೆ ಬಂದ ಮೇಲೆ, ಕೊರಿಯರ್ ಕಳಿಸಿದವನಿಗೆ ವಿಳಾಸ ಗೊತ್ತಿರಲೇಬೇಕಲ್ಲ ಮೇಡಂ ಎಂದ. ಇನ್‌ಸ್ಪೆಕ್ಟರ್ ತಲೆಯಾಡಿಸಿದರು.

ಆದರೆ ಅಷ್ಟೇ ಸಾಲದು. ಆಟ ನಡೆಯುತ್ತಿದ್ದಾಗಲೇ ಕರೆ ಹೋಗಿತ್ತು. ಆಡುವವನ ಎರಡು ಕೈಗೂ ಬಿಡುವಿರುವುದಿಲ್ಲ, ಬಾಯಿಗೂ ಇಲ್ಲ. ಇನ್‌ಸ್ಪೆಕ್ಟರ್ ಗೂಬೆಯನ್ನು ಕೂರಿಸಿಕೊಂಡು ಮಂಗಳವಾರದ ಆಟವನ್ನು ಮೊದಲಿನಿಂದ ನೋಡಿದರು. ಕರೆಯ ಹೊತ್ತಿನಲ್ಲಿ ತಂಡದ ಒಬ್ಬ ಎಡೆಬಿಡದೆ ಮಾತಾಡುತ್ತ ಎದುರಾಳಿಗಳ ದಿಕ್ಕು ಹೇಳುತ್ತಿದ್ದ. ಇನ್ನೊಬ್ಬ ದೋಣಿ ನಡೆಸುತ್ತಿದ್ದ. ಮೂರನೆಯವನ ಬೊಂಬೆ ಒಂದು ಮುರುಕು ಗೋಡೆಯ ಹಿಂದೆ, ಗೋಡೆಗೆ ಮುಖ ಮಾಡಿ, ಕದಲದೆ ನಿಂತಿತ್ತು. ಮೈಕ್ ಬಂದ್ ಆಗಿತ್ತು. ಎದುರಾಳಿಯೊಬ್ಬ ನಿಧಾನವಾಗಿ ನಡೆದು ಬಂದು, ಅದರ ಸುತ್ತ ಒಂದು ಸುತ್ತು ಹಾಕಿ ಗುಂಡು ಹೊಡೆದು ಹೋದ. ಗೂಬೆ ಬಿದ್ದು ಬಿದ್ದು ನಕ್ಕಿದ್ದ. ಆ ತುಣುಕನ್ನು ನೋಡುಗರಲ್ಲಿ ಯಾರೋ ಅವತ್ತೇ ಕತ್ತರಿಸಿ, ಗೊರಕೆಯ ಸದ್ದು ಸೇರಿಸಿ, 'ಮೇಷ್ಟ್ರು ನಿದ್ದೆ ಹೋದರು' ಎಂದು ಹೆಸರಿಟ್ಟು ಹರಿಬಿಟ್ಟಿದ್ದರು. ಲಕ್ಷಕ್ಕೂ ಹೆಚ್ಚು ಜನ ನೋಡಿದ್ದರು.

ಬೊಂಬೆ ನಿಂತದ್ದಕ್ಕೂ ಕರೆ ಶುರುವಾದದ್ದಕ್ಕೂ ವೇಳೆ ತಾಳೆಯಾಯಿತು.

"ಇಂಥ ತುಣುಕು ಇನ್ನೂ ಇದಾವಾ?"

"ಇದಾವೆ" ಎಂದ ಗೂಬೆ. "ಮೇಷ್ಟ್ರು ಬಿದ್ದರು, ಮೇಷ್ಟ್ರು ತಪ್ಪಿದರು... ಒಂದು ವರ್ಷದಿಂದ ಅವನು ತುಂಬಾ ತಪ್ಪು ಮಾಡ್ತಿದ್ದ. ಜನ ಅದನ್ನೇ ನೋಡೋಕೆ ಬರ್ತಿದ್ರು."

"ಆಟ ಕಲಿಸಿದ್ದು ಯಾರು ನಿಮಗೆ?"

"ಅವನೇ. ಅದಕ್ಕೇ ಮೇಷ್ಟ್ರು ಅಂತ ಹೆಸರು."

ಅದೇ ವಾರ ಕಂಪನಿಯ ಉತ್ತರ ಬಂತು. ಕರೆ ಹೊರಟ ಅಂತರ್ಜಾಲ ಸಂಪರ್ಕ ದೂರದ ಊರಿನಲ್ಲಿ ಮೇಷ್ಟ್ರು ಬಾಡಿಗೆಗಿದ್ದ ಕೋಣೆಯದು. ಇನ್‌ಸ್ಪೆಕ್ಟರ್ ಅಲ್ಲಿನ ಠಾಣೆಯ ನೆರವು ಪಡೆದು ಅವನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಹೋದರು. ಬೆಳಗಿನ ವ್ಯಾಪಾರದ ಹೊತ್ತು. ಗಾಜಿನ ಕಪಾಟುಗಳಲ್ಲಿ ಸಾಲುಸಾಲು ಚೌಕಟ್ಟುಗಳು, ಹಿಂದಿನ ಕೋಣೆಯಲ್ಲಿ ಮಸೂರ ಉಜ್ಜುವ ಯಂತ್ರ. ಮೇಷ್ಟ್ರು ಯಂತ್ರದ ಬಳಿ ಇರಲಿಲ್ಲ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು ಬಟ್ಟೆಯಿಂದ ಚೌಕಟ್ಟು ಒರೆಸುತ್ತಿದ್ದ. ಮೂವತ್ತೆಂಟರ ಸಣಕಲು ಮನುಷ್ಯ. ಸಮವಸ್ತ್ರ ಕಂಡು ಎದ್ದು ನಿಂತ.

"ಮಂಗಳವಾರ ಸಂಜೆ ಗೋಡೆ ಹಿಂದೆ ನಿಂತಿದ್ರಲ್ಲ, ಆಗ ಏನ್ ಮಾಡ್ತಿದ್ರಿ?" ಎಂದು ಕೇಳಿದರು ಇನ್‌ಸ್ಪೆಕ್ಟರ್.

ಮೇಷ್ಟ್ರು ಬಟ್ಟೆಯನ್ನು ಮಡಚಿ ಸ್ಟೂಲಿನ ಮೇಲಿಟ್ಟ.

"ಅಮ್ಮ ನಡೀತಾರಾ?" ಎಂದ.

ಅವನ ಕೋಣೆಯಲ್ಲಿ ಪಂಚನಾಮೆ ಮಾಡಿ ಕಂಪ್ಯೂಟರ್, ಹೆಡ್‌ಫೋನ್, ಮೊಬೈಲ್ ವಶಪಡಿಸಿಕೊಂಡರು. ದನಿ ಬದಲಿಸುವ ತಂತ್ರಾಂಶ ಕಂಪ್ಯೂಟರಿನಲ್ಲೇ ಇತ್ತು, ಅಳಿಸುವ ಗೋಜಿಗೂ ಅವನು ಹೋಗಿರಲಿಲ್ಲ. ಮಧ್ಯಾಹ್ನ ದಸ್ತಗಿರಿ ಮಾಡಿ, ಅಲ್ಲಿನ ನ್ಯಾಯಾಧೀಶರ ಅನುಮತಿ ಪಡೆದು ಠಾಣೆಗೆ ಕರೆತಂದರು.

ವಿಚಾರಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಒಂದು ವರ್ಷದ ಹಿಂದೆ ಬಲಗೈ ನಡುಗಲು ಶುರುವಾಯಿತು. ವೈದ್ಯರು ನರದ ಕಾಯಿಲೆಯ ಹೆಸರು ಹೇಳಿ, ವಾಸಿಯಾಗುವುದಿಲ್ಲ, ಮಾತ್ರೆಯಲ್ಲಿ ಹಿಡಿತಕ್ಕೆ ತರಬಹುದು ಎಂದಿದ್ದರು. ಮಾಲೀಕ ಅವನನ್ನು ಯಂತ್ರದಿಂದ ಎಬ್ಬಿಸಿ ಒರೆಸುವ ಕೆಲಸಕ್ಕೆ ಹಾಕಿದ. ಸಂಜೆ ಆಟಕ್ಕೆ ಕೂತರೆ ಅಲ್ಲೂ ಗುರಿ ತಪ್ಪುತ್ತಿತ್ತು. ಮೊದಮೊದಲು ನೋಡುಗರು ನಕ್ಕರು. ಆಮೇಲೆ ಅಂಗಡಿಗೆ ಬಂದ ಗಿರಾಕಿಯೊಬ್ಬ ಅವನ ದನಿ ಗುರುತು ಹಿಡಿದು, ಎಲ್ಲರೆದುರು 'ಮೇಷ್ಟ್ರು ಬಿದ್ದರು' ಎಂದ. ಗೂಬೆಯ ಕೈಯೂ ಒಮ್ಮೆ, ಆ ಜನರೆಲ್ಲ ನೋಡುತ್ತಿರುವಾಗಲೇ, ನಡುಗಬೇಕು ಎಂದು ಅವನಿಗೆ ಅನ್ನಿಸಿತು. ಬೇರೇನೂ ಯೋಚಿಸಲಿಲ್ಲ.

"ಚಿಲಕದ ವಿಷಯ ಯಾಕೆ ಹೇಳಿದ್ರಿ?"

"ಮುಂಬಾಗಿಲು ಒಡೀತೀರಿ ಅಂತ ಭಯ ಆಯ್ತು. ಹಳೇ ಮರದ ಬಾಗ್ಲು. ಅಮ್ಮಂಗೆ ಅದು ಅಂದ್ರೆ ಇಷ್ಟ."

ಇನ್‌ಸ್ಪೆಕ್ಟರ್ ಆ ಉತ್ತರವನ್ನೂ ಅವನು ಹೇಳಿದ ಹಾಗೇ ಬರೆಸಿದರು.

ಗೂಬೆ ಅವನನ್ನು ನೋಡಬೇಕೆಂದು ಬಂದಿದ್ದ. ಇನ್‌ಸ್ಪೆಕ್ಟರ್ ತಮ್ಮ ಎದುರಿಗೇ ಕೂರಿಸಿ ಅವಕಾಶ ಕೊಟ್ಟರು. ಆರು ವರ್ಷದ ಗೆಳೆಯರು ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದರು. ಗೂಬೆ ಬೈಯಲೆಂದೇ ಬಂದವನು, ಮೇಜಿನ ಮೇಲೆ ಅಲುಗುತ್ತಿದ್ದ ಕೈ ಕಂಡು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

"ಯಾಕೋ ಹೇಳ್ಲಿಲ್ಲ ನಂಗೆ?"

"ಎರಡು ಸಲ ಶುರು ಮಾಡಿದ್ದೆ" ಎಂದ ಮೇಷ್ಟ್ರು. "ಎರಡು ಸಲಾನೂ ನೀನು ನೋಡೋರಿಗೆ ಏನೋ ಹೇಳೋಕೆ ಹೋದೆ."

ಗೂಬೆ ತಲೆ ತಗ್ಗಿಸಿಕೊಂಡು ಎದ್ದು ಹೋದ. ಅವತ್ತು ತನ್ನ ಪುಟದಲ್ಲಿದ್ದ ತುಣುಕುಗಳನ್ನೆಲ್ಲ ಅಳಿಸಿದನಂತೆ. ಆದರೆ ನೋಡುಗರ ಹತ್ತಿರ ಪ್ರತಿಗಳಿದ್ದವು, ಅವು ಇನ್ನೂ ಓಡಾಡುತ್ತಿದ್ದವು.

ಆರೋಪಪಟ್ಟಿ ಸಲ್ಲಿಕೆಯಾಯಿತು. ಬಾಗಿಲಿನ ಸಂಬಂಧ ಇನ್‌ಸ್ಪೆಕ್ಟರ್‌ಗೆ ಇಲಾಖೆಯಿಂದ ಎಚ್ಚರಿಕೆಯ ಪತ್ರ ಬಂತು, ಅವರು ಸಹಿ ಹಾಕಿ ಪಡೆದುಕೊಂಡರು. ಪ್ರಕರಣದ ಪ್ರಗತಿ ತಿಳಿಸಲು ಮನೆಗೆ ಹೋದಾಗ ತಾಯಿ ವಾಕರ್ ಹಿಡಿದು ಹಜಾರದಲ್ಲಿ ನಡೆಯುವ ಅಭ್ಯಾಸ ಮಾಡುತ್ತಿದ್ದರು. ಯಾರು, ಯಾಕೆ ಎನ್ನುವುದು ಅಷ್ಟರಲ್ಲಿ ಮಗನಿಂದ ತಿಳಿದಿತ್ತು. ಇನ್‌ಸ್ಪೆಕ್ಟರ್ ಹೇಳಿದ್ದನ್ನೆಲ್ಲ ನಿಂತೇ ಕೇಳಿಸಿಕೊಂಡರು.

"ಒಳಗೆ ಅವನಿಗೆ ಮಾತ್ರೆ ಕೊಡ್ತಾರಾ?" ಎಂದು ಮಾತ್ರ ಕೇಳಿದರು.

ಕೊಡ್ತಾರೆ ಎಂದರು ಇನ್‌ಸ್ಪೆಕ್ಟರ್. ಹಿಂದಿನ ದಿನವೇ ಜೈಲಿನ ವೈದ್ಯರನ್ನು ಕಂಡು ಅವರು ಅದನ್ನು ಖಚಿತಪಡಿಸಿಕೊಂಡಿದ್ದರು.