ಅಂಗಿ ತೊಟ್ಟ ಆಟೋಗಳು

"ಇದನ್ನ ಹಾಕ್ಕೊಂಡು ನಾ ಸಾಲಿಗೆ ಹೋಗಂಗಿಲ್ಲ" ಎಂದು ಮೇಘಾ ದಪ್ತರದ ಚೀಲವನ್ನು ಹೊಸ್ತಿಲ ಮೇಲೆ ಕುಕ್ಕಿದಳು.

ಪಾಪ, ಚೀಲದ ತಪ್ಪೇನೂ ಇರಲಿಲ್ಲ. ಗಟ್ಟಿಮುಟ್ಟಾಗಿತ್ತು, ಜಿಪ್ ಸಲೀಸಾಗಿ ಓಡುತ್ತಿತ್ತು. ಆದರೆ ಅದು ಕೆಂಪು ಚೌಕಳಿ ಬಟ್ಟೆಯದು. ಮನೆಯ ಪರದೆ ಅದೇ ಚೌಕಳಿ. ತಲೆದಿಂಬು, ಗ್ಯಾಸ್ ಸಿಲಿಂಡರಿನ ಮುಸುಕು, ಕೈ ಒರೆಸುವ ಬಟ್ಟೆ, ಟೀವಿ ರಿಮೋಟಿಗೆ ತೊಡಿಸಿದ ಗವಸು, ಎಲ್ಲವೂ ಅದೇ. ನಿನ್ನೆ ಕ್ಲಾಸಿನಲ್ಲಿ ಸಪನಾ, "ನಿಮ್ಮ ಮನ್ಯಾಗ ಚಪಾತಿನೂ ಚೌಕಳಿ ಇರ್ತಾವೇನ?" ಎಂದು ಕೇಳಿದ್ದಳು. ಇಡೀ ಐದನೇ ಕ್ಲಾಸು ನಕ್ಕಿತ್ತು.

"ಹಂಗಾದ್ರ ಪುಸ್ತಕ ತಲಿ ಮ್ಯಾಲ ಹೊತ್ಕೊಂಡು ಹೋಗು" ಎಂದಳು ಅವ್ವ, ಹೊಲಿಗೆ ಮಷಿನ್ ನಿಲ್ಲಿಸದೆ.

ಮೇಘಾಳ ಅವ್ವ ಆರತಿ ಭಾಲ್ಕಿಯ ಸ್ಟೇಷನ್ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಮುಂದೆ ಅಂಗಡಿ, ಹಿಂದೆ ಮನೆ. ಅಪ್ಪ ವೈಜಿನಾಥ ತಮ್ಮ ಹಳ್ಳಿ ಡಾಬಕಾದಲ್ಲಿ ಹೊಲ, ಕುರಿ ನೋಡಿಕೊಂಡು, ಶನಿವಾರ ಬಸ್ಸು ಹಿಡಿದು ಬರುತ್ತಿದ್ದ.

ಹೊಲಿಗೆಗಿಂತ ಮೊದಲು ಅವ್ವ ಹಪ್ಪಳ ಮಾರಿದ್ದಳು. ಮಾಳಿಗೆಯ ಮೇಲೆ ಒಣಹಾಕಿದ್ದ ದಿನವೇ ಆಲಿಕಲ್ಲಿನ ಮಳೆ ಸುರಿದು ಹಪ್ಪಳವೆಲ್ಲ ಅಂಬಲಿಯಾಯಿತು. ಆಮೇಲೆ ಬ್ಯೂಟಿ ಪಾರ್ಲರ್ ತೆರೆದಳು. ಅದು ಚೆನ್ನಾಗಿಯೇ ನಡೆದಿತ್ತು. ಆದರೆ ಅವ್ವ ಕೂದಲು ಕತ್ತರಿಸುತ್ತಿದ್ದದ್ದು ಅಜ್ಜಿ ಪುತಳಾಬಾಯಿ ಕೊಟ್ಟಿದ್ದ ದೊಡ್ಡ ಕತ್ತರಿಯಿಂದ. ಒಂದು ದಿನ ಅಜ್ಜಿ ಊರಿಂದ ಬಂದವಳು, ಕುರ್ಚಿಯಲ್ಲಿ ಕೂತಿದ್ದ ಗಿರಾಕಿಯ ಮುಂದೆಯೇ, "ಇದು ನಮ್ಮ ಕುರಿ ಉಣ್ಣೆ ಕತ್ತರಸೋ ಕತ್ತರಿ ಅಲ್ಲೇನ? ಇನ್ನೂ ಛಲೋ ನಡೀತದ ನೋಡು" ಎಂದು ಮೆಚ್ಚಿಕೊಂಡಳು. ಗಿರಾಕಿ ಅರ್ಧ ಕತ್ತರಿಸಿದ ಕೂದಲಲ್ಲೇ ಎದ್ದು ಹೋದಳು. ವಾರದೊಳಗೆ ಪಾರ್ಲರ್ ಬಾಗಿಲು ಹಾಕಿತು.

ಒಂದು ಧಂದೆ ಮುಳುಗಿದಾಗಲೆಲ್ಲ ಅವ್ವ ಒಂದು ದಿನ ಯಾರ ಜೊತೆಗೂ ಮಾತಾಡದೆ ಮಲಗಿಬಿಡುತ್ತಿದ್ದಳು. ಮರುದಿನ ಎದ್ದು, ಸೈಕಲ್ ಮೇಲೆ ಸಾಣೆ ಕಲ್ಲು ಇಟ್ಟುಕೊಂಡು ತಿರುಗುವ ಕಾಶೀರಾಮನನ್ನು ಕರೆದು, ಅದೇ ಕತ್ತರಿಯನ್ನು ಹರಿತ ಮಾಡಿಸುತ್ತಿದ್ದಳು. ಆ ಸಾಣೆ ಕರ್ರ್ ಎಂದರೆ ಮೇಘಾಳ ಎದೆ ಧಸಕ್ಕೆನ್ನುತ್ತಿತ್ತು. ಅವ್ವ ಏನೋ ಹೊಸದನ್ನು ಶುರು ಹಚ್ಚುತ್ತಾಳೆ, ತನ್ನ ಮಾನ ಮತ್ತೆ ಹೋಗುತ್ತದೆ ಎಂದೇ ಅದರ ಅರ್ಥ.

ಈ ಸಲ ಆದದ್ದು ಹೀಗೆ. ಯೂನಿಫಾರ್ಮ್ ಈ ವರ್ಷವೂ ಕೆಂಪು ಚೌಕಳಿ ಅಂಗಿಯೇ ಎಂದು ಶಾಲೆಯ ಕ್ಲರ್ಕ್ ಬಾಯಿಮಾತಿನಲ್ಲಿ ಹೇಳಿದ್ದರು. ಕಾಗದ ಬರುವ ತನಕ ಕಾಯುವ ಜಾಯಮಾನ ಅವ್ವನದಲ್ಲ. ಬೇಸಿಗೆಯೆಲ್ಲ ಕೂತು ಇನ್ನೂರು ಅಂಗಿ ಹೊಲಿದಳು. ಜೂನಿನಲ್ಲಿ ಕಾಗದ ಬಂತು. ಇನ್ನು ಮುಂದೆ ಎಲ್ಲವೂ ತಿಳಿನೀಲಿ ಎಂದು ಅದರಲ್ಲಿ ಬರೆದಿತ್ತು. ಮಿಕ್ಕಿದ್ದ ಬಟ್ಟೆಯಲ್ಲಿ ಅವ್ವ ಪರದೆಯಿಂದ ಹಿಡಿದು ಚೀಲದ ತನಕ ಎಲ್ಲ ಹೊಲಿದುಬಿಟ್ಟಳು.

ಅಪ್ಪ ಬಂದು ಗೋಡೆಗೆ ಪೇರಿಸಿಟ್ಟ ಅಂಗಿಗಳನ್ನು ನೋಡಿದ. ಬೈಯಲಿಲ್ಲ. "ದಸರಾದೊಳಗ ಇವು ಖಾಲಿ ಆದ್ರ ಆತು. ಇಲ್ಲಾಂದ್ರ ಅಂಗಡಿ ಮುಚ್ಚಿ ಇಬ್ಬರೂ ಡಾಬಕಾಕ್ಕ ಬಂದುಬಿಡ್ರಿ" ಎಂದ. ಮೇಘಾಳಿಗೆ ರಜೆಯಲ್ಲಿ ಡಾಬಕಾ ಇಷ್ಟವೇ. ಆದರೆ ಈ ಶಾಲೆ, ಕಬಡ್ಡಿ ಟೀಮು, ಕೊನೆಗೆ ಆ ಬಾಯಿಬಡುಕಿ ಸಪನಾಳನ್ನೂ ಬಿಟ್ಟು ಹೋಗುವುದನ್ನು ನೆನೆದರೆ ಅವಳಿಗೆ ಅಳು ಬರುತ್ತಿತ್ತು.

ಚೀಲ ಕುಕ್ಕಿದ ಆ ದಿನ ಅವಳು ಪುಸ್ತಕಗಳನ್ನು ಎದೆಗವಚಿಕೊಂಡೇ ಅಬ್ದುಲ ಗಫೂರ ಚಾಚಾನ ಆಟೋ ಹತ್ತಿದಳು. ದಿನಾ ಶಾಲೆಗೆ ಬಿಡುವವನು ಅವನೇ. ಆಟೋದ ಸೀಟು ಹರಿದು ಸ್ಪಂಜು ಹೊರಬಂದಿತ್ತು, ನಡುವೆ ಒಂದು ತಂತಿ ಮೂತಿ ಚಾಚಿತ್ತು. ಇಳಿಯುವಾಗ ಪರ್ರ್ ಎಂದು ಸದ್ದಾಯಿತು. ಹೊಸ ನೀಲಿ ಸ್ಕರ್ಟು ಒಂದು ಗೇಣು ಹರಿದಿತ್ತು. ಮೇಘಾ ದಿನವಿಡೀ ಬೆಂಚು ಬಿಟ್ಟು ಏಳಲಿಲ್ಲ, ಕಬಡ್ಡಿಗೂ ಹೋಗಲಿಲ್ಲ.

ಸಂಜೆ ಅಳುತ್ತ ಬಂದು ತೋರಿಸಿದರೆ ಅವ್ವ ಸ್ಕರ್ಟನ್ನು ತಿರುಗಿಸಿ ಮುರುಗಿಸಿ ನೋಡಿದಳು. ಸೀಟು ಎಷ್ಟು ಅಗಲ ಇದೆ ಎಂದು ಕೇಳಿದಳು. ಬೆನ್ನಿನ ಕಡೆಯೂ ಹರಿದಿದೆಯೇ ಎಂದು ಕೇಳಿದಳು.

"ನನ್ನ ಸ್ಕರ್ಟ್ ಹರಿದದ. ನೀ ಸೀಟಿನ ಅಳತಿ ಕೇಳ್ತಿಯಲ್ಲ" ಎಂದು ಮೇಘಾ ಬಿಕ್ಕಿದಳು.

ಅವ್ವ ಆಗಲೇ ಟೇಪು ಹಿಡಿದು ಹೊರಗೆ ಹೋಗಿದ್ದಳು. ಗಫೂರ ಚಾಚಾ ಎದುರಿನ ಹೋಟೆಲಿನಿಂದ ಚಹಾ ತರಿಸಿಕೊಂಡು ಹಿಂದಿನ ಸೀಟಿನಲ್ಲಿ ಆರಾಮಾಗಿ ಕೂತಿದ್ದ. ಅವ್ವ ಅವನನ್ನು ಏಳಿಸಲೂ ಇಲ್ಲ, ಅವನ ಸುತ್ತಲೇ ಅಳತೆ ತೆಗೆದಳು. ಚಾಚಾ ಕಪ್ಪನ್ನು ಮೇಲೆತ್ತಿ ಹಿಡಿದು, ದರ್ಜಿಯ ಮುಂದೆ ನಿಂತ ಮದುಮಗನಂತೆ ಅಲುಗಾಡದೆ ಕೂತಿದ್ದ.

ಮರುದಿನ ಕಾಶೀರಾಮನ ಸಾಣೆ ಕರ್ರ್ ಎಂದಿತು. ಮೇಘಾ ಎರಡೂ ಕಿವಿ ಮುಚ್ಚಿಕೊಂಡಳು.

ಸೋಮವಾರ ಆಟೋ ಅಂಗಿ ತೊಟ್ಟು ಬಂತು. ಸುಳ್ಳಲ್ಲ, ನಿಜವಾದ ಅಂಗಿ. ಅವ್ವ ಹೊಲಿದ ಅಂಗಿಗಳನ್ನೇ ಜೋಡಿಸಿ ಸೀಟಿಗೆ ಹೊದಿಸಿದ್ದಳು. ಚುಚ್ಚಬಾರದೆಂದು ಗುಂಡಿಗಳನ್ನು ಕಿತ್ತಿದ್ದಳು, ಆದರೆ ಬೆನ್ನಿನ ಮೇಲ್ತುದಿಯಲ್ಲಿ ಕಾಲರ್ ಹಾಗೇ ಇತ್ತು. ಡ್ರೈವರ್ ಸೀಟಿನ ಹಿಂದೆ ಸಾಲಾಗಿ ನಾಲ್ಕು ಕಿಸೆ. ಇಸ್ತ್ರಿ ಕೂಡ ಆಗಿತ್ತು. ಮೇಘಾ ಶಾಲೆ ಬರುವ ತನಕ ಯಾರಿಗೂ ಕಾಣದಂತೆ ತಲೆ ಬಗ್ಗಿಸಿ ಕೂತಳು. ಚಾಚಾ ಕನ್ನಡಿಯಲ್ಲಿ ಅದನ್ನು ನೋಡಿದ.

ಕಿಸೆಗಳು ಭಾಲ್ಕಿಯ ಜನರಿಗೆ ವಿಪರೀತ ಹಿಡಿಸಿದವು. ಒಬ್ಬರು ರೈಲಿನ ಟಿಕೆಟ್ ಇಟ್ಟರು, ಇನ್ನೊಬ್ಬರು ಶೇಂಗಾ ಇಟ್ಟರು, ಒಬ್ಬ ಅಜ್ಜ ಹಲ್ಲಿನ ಸೆಟ್ ಇಟ್ಟು ಮರೆತುಹೋದ. ಸ್ಟೇಷನ್ ಮುಂದಿನ ಆಟೋದವರೆಲ್ಲ ಅವ್ವನ ಅಂಗಡಿಗೆ ಬಂದರು. ಲಾಲ ಅಹ್ಮದ ಎಂಬವನು ತನ್ನ ಆಟೋಕ್ಕೆ ತೋಳೂ ಇರಲಿ ಎಂದು ಹಟ ಹಿಡಿದು ಹೊಲಿಸಿಕೊಂಡು ಹೋದ.

ಆಗಸ್ಟ್ ಹದಿನೈದರ ಹಿಂದಿನ ದಿನ ಶಾಲೆಯ ಮೈದಾನದಲ್ಲಿ ಪರೇಡ್ ಪ್ರಾಕ್ಟೀಸ್ ನಡೆದಿತ್ತು. ಮಕ್ಕಳನ್ನು ಕರೆದೊಯ್ಯಲು ಬಂದ ಆಟೋಗಳು ಗೇಟಿನ ಬಳಿ ಸಾಲಾಗಿ ನಿಂತಿದ್ದವು. ಹೆಡ್‌ಮಾಸ್ಟರ್ ಮಲ್ಲಿಕಾರ್ಜುನಪ್ಪನವರು ಕನ್ನಡಕ ಆಫೀಸಿನಲ್ಲೇ ಮರೆತು ಮೈಕಿನ ಮುಂದೆ ಬಂದರು. ಗೇಟಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದರು.

"ಹಳೇ ಯೂನಿಫಾರ್ಮ್ ಹಾಕ್ಕೊಂಡು ಅಲ್ಲಿ ನಿಂತವರು ಯಾರು? ಒಳಗ ಬಂದು ಲೈನ್ಯಾಗ ನಿಂದರ್ರಿ" ಎಂದು ಗದರಿದರು.

ಗಫೂರ ಚಾಚಾ ಚಿಕ್ಕಂದಿನಲ್ಲಿ ಹೆಡ್‌ಮಾಸ್ಟರರಿಗೆ ಬಹಳ ಹೆದರಿದವನಿರಬೇಕು. ತಕ್ಷಣ ಆಟೋ ಶುರು ಮಾಡಿ, ಟುರ್ ಟುರ್ ಎಂದು ಒಳಗೆ ಬಂದು, ಐದನೇ ಕ್ಲಾಸಿನ ಸಾಲಿನ ಕೊನೆಯಲ್ಲಿ ನಿಂತುಬಿಟ್ಟ. ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು.

ಸರ್ ಹತ್ತಿರ ಬಂದರು. ಕಾಲರ್ ಮುಟ್ಟಿದರು, ಕಿಸೆಯೊಳಗೆ ಎರಡು ಬೆರಳು ಹಾಕಿ ನೋಡಿದರು. ಅವರಿಗೂ ನಗು ತಡೆಯಲಾಗಲಿಲ್ಲ. "ಇದನ್ನ ಹೊಲಿದವರು ಯಾರು?" ಎಂದು ಕೇಳಿದರು.

ಚಾಚಾ ಹೇಳಲು ಬಾಯಿ ತೆರೆದ. ಮೇಘಾಳ ಮುಖ ನೋಡಿ ಬಾಯಿ ಮುಚ್ಚಿದ. "ಯಾರೋ ಟೇಲರ್ ಇದ್ದಾರ ಸಾಬ್" ಎಂದ.

ಮೇಘಾಳಿಗೆ ಯಾರೋ ಗಿಲ್ಲಿದ ಹಾಗಾಯಿತು. ಬೇಸಿಗೆಯೆಲ್ಲ ಮಷಿನ್ ಮುಂದೆ ಕೂತು ಸೊಂಟ ಹಿಡಿದುಕೊಂಡು ಏಳುತ್ತಿದ್ದ ಅವ್ವ ನೆನಪಾದಳು. ಅವಳು ಯಾರೋ ಟೇಲರ್ ಹೇಗಾಗುತ್ತಾಳೆ?

"ನಮ್ಮ ಅವ್ವ ಹೊಲದಾಳ್ರಿ ಸರ್" ಎಂದಳು ಮೇಘಾ. ದನಿ ಸಣ್ಣಗೆ ಬಂತೆಂದು ಇನ್ನೊಮ್ಮೆ ಜೋರಾಗಿ ಹೇಳಿದಳು.

ಸಾಲಿನಲ್ಲಿ ಹಿಂದಿದ್ದ ಸಪನಾ ಅವಳ ಬೆನ್ನು ತಟ್ಟಿದಳು. ಇನ್ನೇನು ಅಣಕಿಸುತ್ತಾಳೋ ಎಂದು ಮೇಘಾ ತಿರುಗಿದರೆ, "ನಮ್ಮ ಪಪ್ಪಾನ ಸ್ಕೂಟರಿಗೂ ಒಂದು ಕಿಸೆ ಹಚ್ಚಿಕೊಡ್ತಾರೇನ?" ಎಂದು ಕೇಳಿದಳು.

ದಸರಾಕ್ಕೆ ಇನ್ನೂ ವಾರವಿರುವಾಗಲೇ ಅಂಗಿಗಳು ಮುಗಿದವು. ಬರುವ ಆಟೋಗಳಿಗೆ ಬಟ್ಟೆ ಸಾಲದೆ ಅವ್ವ ಪರದೆ ಬಿಚ್ಚಿದಳು, ದಿಂಬಿನ ಗವಸು ಬಿಚ್ಚಿದಳು, ಸಿಲಿಂಡರಿನ ಮುಸುಕೂ ಹೋಯಿತು. ಶನಿವಾರ ಬಂದ ಅಪ್ಪ ಖಾಲಿ ಗೋಡೆಗೆ ಬೆನ್ನು ಆನಿಸಿ ಕೂತು, ಇನ್ನು ನೀವು ಇಲ್ಲೇ ಇರಬಹುದು ಎಂದ. ಮೇಘಾ ಖುಷಿಯಿಂದ ಅಂಗಳದಲ್ಲಿ ಒಬ್ಬಳೇ ಕಬಡ್ಡಿ ಆಡಿದಳು.

ಸೋಮವಾರ ಬೆಳಿಗ್ಗೆ ಅವ್ವ ಅದೇ ಚೌಕಳಿ ಬಟ್ಟೆಗಾಗಿ ಬೀದರಿನ ವ್ಯಾಪಾರಿಗೆ ಫೋನ್ ಮಾಡಿದಳು. ಇನ್ನೂ ಆರು ಆಟೋದವರು ಹೇಳಿಟ್ಟಿದ್ದರು. ಆದರೆ ಆ ಬಟ್ಟೆ ಬರುವುದೇ ನಿಂತುಹೋಗಿದೆ ಎಂದ ವ್ಯಾಪಾರಿ. ಅವ್ವ ಫೋನ್ ಇಟ್ಟು ಮಷಿನ್ ಮುಂದೆ ಸುಮ್ಮನೆ ಕೂತಳು. ಮೇಘಾಳಿಗೆ ಆ ಮೌನದ ಪರಿಚಯ ಚೆನ್ನಾಗಿತ್ತು.

ಅಷ್ಟರಲ್ಲಿ ಹೊರಗೆ ಸೈಕಲ್ ಬೆಲ್ಲು ಕೇಳಿತು. ಅವ್ವ ಏಳಲಿಲ್ಲ.

ಮೇಘಾ ಮೊಳೆಯಲ್ಲಿ ತೂಗುತ್ತಿದ್ದ ಕತ್ತರಿಯನ್ನು ಎರಡೂ ಕೈಯಲ್ಲಿ ಇಳಿಸಿಕೊಂಡು ರಸ್ತೆಗೆ ಹೋದಳು. "ಛಲೋ ಹರಿತ ಮಾಡ್ರಿ ಕಾಕಾ" ಎಂದು ಕಾಶೀರಾಮನ ಕೈಗೆ ಕೊಟ್ಟಳು.

"ಈ ಸಲ ಏನ ಕತ್ತರಸ್ತಾಳ ನಿಮ್ಮವ್ವ?"

"ಇನ್ನಾ ಗೊತ್ತಿಲ್ರಿ."

ಸಾಣೆ ಕರ್ರ್ ಎಂದಿತು. ಮೇಘಾ ಕಿವಿ ಮುಚ್ಚಿಕೊಳ್ಳಲಿಲ್ಲ. ಚೌಕಳಿ ಚೀಲವನ್ನು ಹೆಗಲಿಗೆ ಸರಿಯಾಗಿ ಏರಿಸಿಕೊಂಡು, ಒಳಗೆ ಅವ್ವ ಕುರ್ಚಿ ಸರಿಸಿ ಏಳುವ ಸಪ್ಪಳ ಕೇಳುವ ತನಕ ಅಲ್ಲೇ ನಿಂತಿದ್ದಳು.