ಹೊಶಿತೊನ ಹಿತ್ತಲಿನ ಕಡಜಗಳು

ನಮ್ಮ ನಾಗಾ ಬೆಟ್ಟಗಳಲ್ಲಿ ಕಡಜದ ಗೂಡನ್ನು ಮೊದಲು ಕಂಡವನು ಪಕ್ಕದ ಮರಕ್ಕೆ ಕಚ್ಚು ಹಾಕಿದರೆ ಗೂಡು ಅವನದೇ. ಅದನ್ನು ತಂದು ಹಿತ್ತಲ ಗುಂಡಿಯಲ್ಲಿ ಸಾಕಿ, ಚಳಿಗಾಲಕ್ಕೆ ಮರಿಹುಳ ತಿನ್ನುತ್ತೇವೆ. ನಾನು ಕಚ್ಚು ಹಾಕಿದ್ದ ಗೂಡನ್ನು ತಮ್ಮ ಹೊಶಿತೊ ಕದ್ದು ತಂದು ಸಾಕಿದ. ಅದೇ ಕಡಜಗಳು ಕಡಿದು ಸತ್ತ.

ಮಣ್ಣು ಮಾಡಿದ ಮೇಲೆ ಅವನ ಹೆಂಡತಿ ಕಿವಿಲಿ ಬಂದಳು.

"ಭಾವ, ನಿಮ್ಮ ಗೂಡು ನೀವೇ ತಗೊಂಡು ಹೋಗಿ. ಮಕ್ಕಳು ಹಿತ್ತಲಿಗೆ ಇಳಿಯೋ ಹಾಗಿಲ್ಲ."

"ಅವನು ಸತ್ತ ಮೇಲೆ ನನ್ನದಾಯ್ತಾ?" ಎಂದೆ. ಆದರೂ ಹಾರೆ ಹಿಡಿದು ಹೋದೆ.

ಹಾಡುಹಗಲು. ಕಡಜಗಳು ಸಾಲಾಗಿ ಗುಂಡಿಯೊಳಕ್ಕೆ ಇಳಿಯುತ್ತಿದ್ದವು, ಆದರೆ ರೆಕ್ಕೆಯ ಸದ್ದೇ ಇರಲಿಲ್ಲ. ತುಂಬಿದ ಗೂಡಿನ ಮೇಲಿನ ಮಣ್ಣು ಬೆಚ್ಚಗಿರಬೇಕು. ಅಂಗೈ ಇಟ್ಟರೆ ಹೊಳೆಯ ಕಲ್ಲಿನಷ್ಟು ತಣ್ಣಗಿತ್ತು. ಹೊಗೆ ಹಾಕಿದೆ, ಒಂದೂ ಹೊರಗೆ ಬರಲಿಲ್ಲ.

"ಒಳಗೇ ಸತ್ತವಾ, ಭಾವ?"

ಅಗೆದೆ. ಗೂಡು ಒಣಗಿ ಪುಡಿಪುಡಿಯಾಗಿತ್ತು. ಒಳಗೆ ಮರಿಯೂ ಇಲ್ಲ, ಸತ್ತ ಹುಳವೂ ಇಲ್ಲ. ಸಿಟ್ಟಿನಿಂದ ಗುಂಡಿ ಮುಚ್ಚಿ ಗಟ್ಟಿಯಾಗಿ ಮೆಟ್ಟಿದೆ.

ಕಿವಿಲಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದಳು. ಮನೆಯ ಆಸೆಗೆ ನಾನೇ ಓಡಿಸಿದೆ ಎಂದು ಊರು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಆ ಮೆಟ್ಟಿದ ಮಣ್ಣಿನ ಮೇಲೆ ಕಡಜಗಳು ಈಗಲೂ ಬಂದು ಇಳಿಯುತ್ತವೆ, ಒಳಗೆ ಹೋಗುತ್ತವೆ. ಹೊರಗೆ ಬಂದ ಒಂದನ್ನೂ ನಾನು ಕಂಡಿಲ್ಲ.